ಕೂಗಿದ ಹಾಗೆ ತಿರುಗಬೇಕು

ಕೊಲ್ಲಿಯಿಂದ ಬರುವ ಸಿಂಪಿಗಳ ಚಿಪ್ಪು ಬಿಡಿಸುವುದು ನನ್ನ ಕೆಲಸ. ನಸುಕಿಗೇ ಚಾಕು ಹಿಡಿದರೆ ಗುಡ್ಡೆ ಕರಗುವ ತನಕ ಬಿಡುವಂತಿಲ್ಲ. ಸಿಂಪಿ ಬಾಯಿ ಬಿಗಿ ಹಿಡಿಯುತ್ತದೆ, ನಾನು ಬಿಡಿಸುತ್ತೇನೆ, ಇನ್ನೊಂದು ಬರುತ್ತದೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇದೇ ಆಯಿತು. ಮಧ್ಯಾಹ್ನ ಹೊರಡುವ ಹೊತ್ತಿಗೆ ಬೆರಳುಗಳು ನನ್ನವೋ ಬೇರೆ ಯಾರವೋ ತಿಳಿಯುವುದಿಲ್ಲ.

ಗಂಡ ಬಿಟ್ಟು ಹೋದ ವರ್ಷ ನನಗೆ ಮನೆಗೆ ಹೋಗುವುದೇ ಬೇಡವಾಗಿತ್ತು. ಜಗಳಕ್ಕೆ ಹೆದರಿ ಅಲ್ಲ, ಜಗಳವಾಡಲು ಅಲ್ಲಿ ಯಾರೂ ಇರಲಿಲ್ಲ ಅಂತ. ಕೆಲಸ ಮುಗಿದ ಮೇಲೆ ಕಾರನ್ನು ಸೀದಾ ಲಾಂಗ್ ಬೀಚಿನ ಮರಳಿಗೆ ಇಳಿಸಿ, ಸಮುದ್ರಕ್ಕೆ ಮುಖ ಮಾಡಿ ನಿಲ್ಲಿಸಿ, ಕಣ್ಣು ಮುಚ್ಚಿ ಕೂತಿರುತ್ತಿದ್ದೆ. ಹಾಗೆ ಕೂತಿದ್ದ ಒಂದು ದಿನ ಯಾರೋ ಗಾಜು ತಟ್ಟಿದರು.

"ಏನಮ್ಮಾ, ನಿದ್ದೆ ಮಾಡ್ತಿದೀಯೋ, ಸತ್ತೇ ಹೋಗಿದೀಯೋ?"

"ಎರಡೂ ಇಲ್ಲ," ಎಂದೆ.

"ಹಾಗಾದ್ರೆ ಇಳಿ. ಸ್ವಲ್ಪ ಇದನ್ನ ಹಿಡ್ಕೋ ಬಾ."

ಅವರು ಡೆಲ್ಬರ್ಟ್ ರಾಸ್ಕ್. ತಾಳೆಮರದಷ್ಟು ಎತ್ತರ, ಎಪ್ಪತ್ತು ದಾಟಿದ ವಯಸ್ಸು, ಕಿವಿ ಮುಚ್ಚುವ ಉಣ್ಣೆ ಟೋಪಿ. ಮೂವತ್ತು ವರ್ಷ ನಮ್ಮ ಕಡೆಯ ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು. ಅವರ ದನಿ ಗೊತ್ತಿಲ್ಲದವರು ಈ ಕರಾವಳಿಯಲ್ಲಿ ಕಡಿಮೆ. "ಹಿಂದಿನ ಸೀಟಿನವರೇ, ಕೂತ್ಕೊಳ್ಳಿ!" ಎಂದು ಅವರು ಒಮ್ಮೆ ಗದರಿದರೆ ರಸ್ತೆ ಬದಿಯ ಹಸುಗಳೂ ಕೂರುತ್ತಿದ್ದವು ಎಂದು ಜನ ತಮಾಷೆ ಮಾಡುತ್ತಾರೆ. ಆ ಮನುಷ್ಯ ನನ್ನ ಎರಡು ಕೈಗೂ ಒಂದೊಂದು ಪಟ್ಟಿ ತೊಡಿಸಿದರು. ಪಟ್ಟಿಯಿಂದ ಹೊರಟ ಎರಡು ದಾರಗಳು ದೂರದ ಮರಳಿನ ಮೇಲೆ ನಿಂತಿದ್ದ ಮುಮ್ಮೂಲೆಯ ಗಾಳಿಪಟಕ್ಕೆ ಸೇರಿದ್ದವು.

"ಬಾಲಂಗೋಚಿಯೇ ಇಲ್ವಲ್ಲ ಇದಕ್ಕೆ," ಎಂದೆ.

"ಬಾಲ ಬೇಕಿರೋದು ನೆಟ್ಟಗೆ ನಿಲ್ಲೋ ಪಟಕ್ಕೆ. ಇದು ಕುಣಿಯೋ ಪಟ. ಎರಡು ಹೆಜ್ಜೆ ಹಿಂದಕ್ಕೆ ಹಾಕು."

ಬಲಗೈ ಎಳೆದರೆ ಪಟ ಬಲಕ್ಕೆ, ಎಡಗೈ ಎಳೆದರೆ ಎಡಕ್ಕೆ. ವಿದ್ಯೆ ಇಷ್ಟೇ. ಕೇಳಿದರೆ ಮಗುವೂ ಮಾಡೀತು ಅನ್ನಿಸುತ್ತದೆ. ನಾನು ಕಾರಿನ ಚಕ್ರ ತಿರುಗಿಸುವ ಹಾಗೆ ಕೈ ತಿರುಗಿಸಿದೆ, ಪಟ ಕ್ಯಾರೇ ಅನ್ನಲಿಲ್ಲ. ಆಮೇಲೆ ಹೆದರಿ ಎರಡೂ ಕೈ ತಲೆಯ ಮೇಲೆ ಎತ್ತಿದೆ. "ಕೈ ಇಳಿಸು, ಪೊಲೀಸರು ಬಂದಿಲ್ಲ!" ಎಂದು ಡೆಲ್ಬರ್ಟ್ ಕೂಗುವಷ್ಟರಲ್ಲಿ ಪಟ ಮೂಗು ಕೆಳಗೆ ಮಾಡಿ ಒದ್ದೆ ಮರಳಿಗೆ ಗುದ್ದಿತು. ಬೀಳಿಸಿದವರೇ ಹೋಗಿ ಎತ್ತಿ ನಿಲ್ಲಿಸಬೇಕು ಎನ್ನುವುದು ಅವರ ನಿಯಮ. ನೂರಡಿಗೂ ಮೀರಿದ ದಾರ, ಎದುರು ಗಾಳಿ, ಮರಳಲ್ಲಿ ಹೂತು ಹೋಗುವ ಕಾಲು. ಹೋದೆ, ನಿಲ್ಲಿಸಿದೆ, ಬಂದೆ, ಮತ್ತೆ ಬೀಳಿಸಿದೆ. ಆ ದಿನ ನನಗೆ ಅವರ ಮೇಲೆ ಬಂದ ಸಿಟ್ಟು ನನ್ನ ಗಂಡನ ಮೇಲೂ ಬಂದಿರಲಿಲ್ಲ.

ಮಾರನೆಯ ದಿನ ಮತ್ತೆ ಹೋದೆ. ಯಾಕೆ ಅಂದರೆ ನಡುವೆ ಒಂದು ಗಳಿಗೆ ಪಟ ನನ್ನ ಮಾತು ಕೇಳಿತ್ತು. ಬಲಗೈಯನ್ನು ಎದೆಯ ಕಡೆಗೆ ಮೆಲ್ಲಗೆ ಎಳೆದಿದ್ದೆ, ಅದು ದೊಡ್ಡದೊಂದು ಸುತ್ತು ಸುತ್ತಿ ನೆಲದಿಂದ ಮೊಳದೆತ್ತರದಲ್ಲಿ ಸುಂಯ್ ಎಂದು ಹಾದು ಮತ್ತೆ ಮೇಲಕ್ಕೇರಿತ್ತು. ಗಾಳಿಯ ಭಾರ ಅಂಗೈಗೆ ಬಂದು ಕೂತಿತ್ತು. ಬೆಳಗಿನಿಂದ ಮುಚ್ಚಿದ್ದನ್ನು ಮೀಟಿ ಮೀಟಿ ತೆರೆದ ಕೈಗೆ, ಮೀಟದೆ ತಾನಾಗಿಯೇ ಬರುವಂಥದ್ದೊಂದು ಸಿಕ್ಕಿತ್ತು. ನನಗೆ ಅಳು ಬಂತು. ಗಾಳಿಗೆ ಕಣ್ಣಲ್ಲಿ ನೀರು ಬಂತು ಅಂದುಕೊಳ್ಳಲಿ ಎಂದು ಸುಮ್ಮನಾದೆ.

ಹೀಗೆ ಆ ಹುಚ್ಚು ಹತ್ತಿತು. ಪಟ ಸುತ್ತಿದಷ್ಟು ಸಲ ದಾರಗಳು ಒಂದಕ್ಕೊಂದು ಹುರಿಯಾಗುತ್ತವೆ, ಆದರೂ ನುಣುಪು ದಾರವಾದ್ದರಿಂದ ಜಾರುತ್ತಲೇ ಇರುತ್ತವೆ, ಗಾಬರಿಯಾಗದೆ ಬಂದ ಕಡೆಗೇ ತಿರುಗಿ ಸುತ್ತಿದರೆ ಬಿಚ್ಚಿಕೊಳ್ಳುತ್ತವೆ ಎಂದು ಕಲಿತೆ. ಎರಡೂ ದಾರ ಒಂದೇ ಉದ್ದ ಇಲ್ಲದಿದ್ದರೆ ಪಟ ಒಂದೇ ಕಡೆಗೆ ಎಳೆಯುತ್ತದೆ, ಅದಕ್ಕೆ ಗಾಳಿಯನ್ನು ಬೈಯಬಾರದು ಎಂದು ಕಲಿತೆ. ಎರಡು ಬೇಸಗೆ ಕಳೆದ ಮೇಲೆ ಡೆಲ್ಬರ್ಟ್ ನನ್ನನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡರು. ತಂಡ ಎಂದರೆ ಅವರು, ನಾನು, ಮತ್ತು ನಮ್ಮೂರಿನ ಅಂಚೆಯವನು ರಾಮಿರೊ ಇಬಾರಾ. ಡೆಲ್ಬರ್ಟರ ಹೆಂಡತಿ ನೋರೀನ್ ಮಡಚುವ ಕುರ್ಚಿಯಲ್ಲಿ ಕಂಬಳಿ ಹೊದ್ದು, ಫ್ಲಾಸ್ಕಿನ ಕಾಫಿ ಕಾಯುತ್ತಾ ಕೂರುತ್ತಿದ್ದಳು.

ಮೂವರು ಒಟ್ಟಿಗೆ ಹಾರಿಸುವುದು ಬೇರೆಯೇ ಆಟ. ಪಕ್ಕದವರ ಪಟ ನೋಡಿಕೊಂಡು ತಿರುಗಿಸುತ್ತೇನೆ ಅಂದರೆ ಆಗಲೇ ತಡವಾಗಿರುತ್ತದೆ. ಅದಕ್ಕೇ ಒಬ್ಬರು ಕೂಗುತ್ತಾರೆ. "ಎಲ್ಲಾ ಬಲಕ್ಕೆ..." ಎಂದರೆ ಸಿದ್ಧವಾಗಬೇಕು, "ಈಗ!" ಎಂದ ಕ್ಷಣ ಮೂರು ಕೈಯೂ ಒಟ್ಟಿಗೆ ಎಳೆಯಬೇಕು. ಕೂಗುವವರು ಡೆಲ್ಬರ್ಟ್. ಅವರ ಒಂದೇ ಕಟ್ಟಪ್ಪಣೆ ಇದು: "ಕೂಗಿದ ಹಾಗೆ ತಿರುಗಬೇಕು. ನಾನು ತಪ್ಪಿ ಕೂಗಿದ್ರೂ ಸರಿ. ಮೂವರೂ ಒಂದೇ ತಪ್ಪು ಮಾಡಿದ್ರೆ ನೋಡೋರಿಗೆ ಅದೇ ಆಟ. ಒಬ್ಬರು ಜಾಣತನ ಮಾಡಿದ್ರೋ, ಮೂರೂ ನೆಲಕ್ಕೆ."

ಅವರ ದನಿಗೆ ಕೈ ಒಪ್ಪಿಸಿ ನಿಂತಾಗ ಸಿಗುತ್ತಿದ್ದ ಸುಖವನ್ನು ಹೇಗೆ ಹೇಳಲಿ? ದಿನವೆಲ್ಲ ನನ್ನ ತಲೆಯೇ ಎಲ್ಲವನ್ನೂ ತೀರ್ಮಾನಿಸಬೇಕು. ಬಾಡಿಗೆ, ಬಾಯ್ಲರು, ಮಂಡಿ ನೋವಿಗೆ ಯಾವ ವೈದ್ಯ, ರಾತ್ರಿಗೆ ಏನು ಬೇಯಿಸಲಿ. ಇಲ್ಲಿ ಮಾತ್ರ ಇನ್ನೊಬ್ಬರು ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ. ದಣಿದವರಿಗೆ ಅದಕ್ಕಿಂತ ದೊಡ್ಡ ವಿಶ್ರಾಂತಿ ಬೇರೆ ಇಲ್ಲ.

ಈ ಸಲದ ವಸಂತದಲ್ಲಿ ಆ ದನಿ ತಪ್ಪತೊಡಗಿತು. ಬಾಯಿ "ಎಡಕ್ಕೆ" ಎನ್ನುವುದು, ಅವರದೇ ಕೈ ಬಲಕ್ಕೆ ಎಳೆಯುವುದು. ಎಷ್ಟೋ ವರ್ಷದಿಂದ ಅದೇ ಕುಣಿತ, ಅದೇ ತಿರುವುಗಳ ಸಾಲು ಹಾರಿಸಿದ ಕೈ ಅದು, ಅದಕ್ಕೆ ದಾರಿ ಗೊತ್ತಿತ್ತು. ನಾಲಿಗೆಗೆ ಮಾತ್ರ ಮರೆತು ಹೋಗುತ್ತಿತ್ತು. ನಾವಿಬ್ಬರು ಅಪ್ಪಣೆಯಂತೆ ಎಡಕ್ಕೆ ತಿರುಗಿದರೆ ಅವರ ಪಟ ಬಲಕ್ಕೆ ಬಂದು ನನ್ನದಕ್ಕೆ ಢೀ ಕೊಡುತ್ತಿತ್ತು. ದಾರ ಸಿಕ್ಕಾಗಿ ಎಲ್ಲ ಕೆಳಕ್ಕೆ. ಮೊದಮೊದಲು ನಕ್ಕೆವು. ಆಮೇಲೆ ನೋರೀನ್ ಅವರನ್ನು ನದಿಯಾಚೆ ಆಸ್ಟೋರಿಯಾ ಊರಿನ ವೈದ್ಯರ ಹತ್ತಿರ ಕರೆದುಕೊಂಡು ಹೋದಳು. ವೈದ್ಯರು ತಲೆಯ ಚಿತ್ರ ತೆಗೆಸಿ, ಒಂದು ಮಾತ್ರೆ ಬರೆದುಕೊಟ್ಟು, ಮತ್ತೆ ಪರೀಕ್ಷೆ ಆಗುವವರೆಗೂ ಗಾಡಿ ಮುಟ್ಟಬೇಡಿ ಎಂದರಂತೆ. ಡೆಲ್ಬರ್ಟರ ಹಳೆಯ ಪಿಕಪ್ ಟ್ರಕ್ಕು ಶೆಡ್ಡು ಸೇರಿತು. ಆಗಿನಿಂದ ಗಾಳಿಪಟದ ಚೀಲಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು, ನೋರೀನಳ ಪುಟ್ಟ ಕಾರಿನಲ್ಲಿ ಅವರು ಬರುತ್ತಿದ್ದರು.

ಆಗಸ್ಟಿನ ಗಾಳಿಪಟ ಹಬ್ಬ ಹತ್ತಿರವಾಗುತ್ತಿತ್ತು. ಡೆಲ್ಬರ್ಟ್ ಬೇರೆ ಯಾರಿಗೋ ದಾರ ಕಟ್ಟಿಕೊಡುತ್ತಿದ್ದಾಗ ರಾಮಿರೊ ನನ್ನನ್ನು ಪಕ್ಕಕ್ಕೆ ಎಳೆದ.

"ಸಾವಿರಾರು ಜನರ ಮುಂದೆ ಹೀಗೆ ಬಿದ್ರೆ ಮುದುಕನ ಮರ್ಯಾದೆ ಏನಾಗುತ್ತೆ? ನೀನು ಕೂಗು, ಆರ್ಲೀನ್. ಅವರು ಸುಮ್ನೆ ಹಾರಿಸಲಿ."

"ನೀನೇ ಹೋಗಿ ಹೇಳು ಅದನ್ನ."

"ನಾನಾ? ಅವರು ನಂಗೆ ನಡೆಯೋಕೆ ಕಲಿಸಿದ ಹಾಗೆ ಇದನ್ನ ಕಲಿಸಿದಾರೆ, ಮಾರಾಯ್ತಿ. ಬಾಯಿ ಬರಲ್ಲ."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅಷ್ಟರಲ್ಲಿ ನೋರೀನ್ ಕಂಬಳಿ ಎಳೆದುಕೊಂಡು ಬಂದಳು. "ಅದೊಂದನ್ನ ಕಿತ್ಕೋಬೇಡ್ರಪ್ಪಾ," ಎಂದಳು. "ಮನೇಲಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಕೇಳೋಕೂ ನಾಚ್ಕೋತಾನೆ. ಕೂಗುವಾಗ ಮಾತ್ರ ಮೊದಲಿನ ಡೆಲ್ ಆಗಿರ್ತಾನೆ."

ಆಗ ರಾಮಿರೊ ಒಂದು ಉಪಾಯ ಹೇಳಿದ. "ಕವರಿನ ಮೇಲೆ ವಿಳಾಸ ತಪ್ಪಿದ್ರೆ ನಾನೇನು ಕಾಗದ ಹರೀತೀನಾ? ಹೆಸರು ನೋಡ್ತೀನಿ, ಮನೆ ಗೊತ್ತಿರುತ್ತೆ, ಸರಿಯಾದ ಬಾಗಿಲಿಗೇ ಹಾಕ್ತೀನಿ. ಇಲ್ಲೂ ಹಾಗೇ ಮಾಡೋಣ. ಕುಣಿತ ನಮಗೆ ಬಾಯಿಪಾಠ ಇದೆ. ಅವರ 'ಈಗ' ಅನ್ನೋದನ್ನ ಮಾತ್ರ ಕೇಳೋಣ, ಕಡೆ ಯಾವುದು ಅನ್ನೋದಕ್ಕೆ ಅವರ ಕೈ ನೋಡೋಣ."

ಒಪ್ಪಿಕೊಂಡೆವು. ಒಂದು ಗಳಿಗೆ ತಡವಾಗುತ್ತಿತ್ತು ನಿಜ, ಆದರೆ ಬೀಳುತ್ತಿರಲಿಲ್ಲ. ಡೆಲ್ಬರ್ಟ್ "ಎಡಕ್ಕೆ" ಎಂದು ಗಂಟಲು ಹರಿಯುವಂತೆ ಕೂಗುವರು, ಮೂರು ಪಟಗಳೂ ಬಲಕ್ಕೆ ತಿರುಗುವುವು, ಅವರ ಮುಖ ಬೆಳಗುವುದು. ನೋಡಿ ನಮಗೂ ಹಾಯೆನಿಸಿತು. ಆದರೆ ನನ್ನ ಆ ವಿಶ್ರಾಂತಿ ಹೋಯಿತು. ಈಗ ಪಟ ಹಾರಿಸುವಾಗಲೂ ನನ್ನ ತಲೆಯೇ ದುಡಿಯಬೇಕಾಗಿತ್ತು. ಕಿವಿಗೆ ಬೀಳುವುದನ್ನು ಕಿವಿಯಲ್ಲೇ ತಡೆದು, ಓರೆಗಣ್ಣಲ್ಲಿ ಅವರ ಮುಂಗೈ ಕಾಯುತ್ತಾ, ನಗುಮುಖ ಹೊತ್ತು ನಿಲ್ಲುವುದು ಸಿಂಪಿ ಬಿಡಿಸುವುದಕ್ಕಿಂತ ಸುಸ್ತಿನ ಕೆಲಸ. ಮನೆಗೆ ಹೋಗಿ ಬೂಟು ಬಿಚ್ಚದೆ ಮಲಗುತ್ತಿದ್ದೆ.

ಹಬ್ಬದ ಹಿಂದಿನ ವಾರ, ಗುರುವಾರ ಬೆಳಿಗ್ಗೆ, ನೋರೀನ್ ನಾನು ಸಿಂಪಿ ಬಿಡಿಸುವ ಶೆಡ್ಡಿನ ಹಿಂಬಾಗಿಲಿಗೆ ಬಂದಳು. ಆಕೆ ಅಲ್ಲಿಗೆ ಬಂದದ್ದು ಅದೇ ಮೊದಲು. ರಬ್ಬರ್ ಏಪ್ರನ್ನಿನಲ್ಲೇ ಹೊರಗೆ ಹೋದೆ.

"ಡೆಲ್ ಟ್ರಕ್ಕು ತೆಗೆದಿದಾನೆ," ಎಂದಳು.

"ವೈದ್ಯರು ಬೇಡ ಅಂದಿದ್ರಲ್ಲ?"

"ಮಾತ್ರೆ ಕೆಲಸ ಮಾಡಿದೆ ಅಂತಾನೆ. 'ಒಂದು ತಿಂಗಳಿಂದ ಒಂದೂ ತಪ್ಪು ಕೂಗಿಲ್ಲ, ಒಂದೂ ಪಟ ಬಿದ್ದಿಲ್ಲ, ಬೇಕಾದ್ರೆ ಆರ್ಲೀನ್‌ನ ಕೇಳು' ಅಂತಾನೆ. ನಿನ್ನೆ ಪೇಟೆಗೆ ಹೋಗಿ ಬಂದ. 'ಎಡಕ್ಕೆ' ಅಂತ ಬರೆದ ಬೋರ್ಡು ನೋಡಿಯೂ ಬಲಕ್ಕೆ ತಿರುಗಿ, ಎದುರು ಬಂದ ಮರದ ದಿಮ್ಮಿ ಲಾರಿಯವನು ಹಾರ್ನ್ ಹೊಡೆದಾಗ ಅವನಿಗೇ ಬೈದ." ಅವಳು ಕೋಟಿನ ಗುಂಡಿ ತಿರುವುತ್ತಿದ್ದಳು. "ನಾಳೆ ಬೆಳಿಗ್ಗೆ ದೊಡ್ಡ ಸೇತುವೆ ದಾಟಿ ಪೋರ್ಟ್‌ಲೆಂಡಿಗೆ ಹೋಗ್ತಾನಂತೆ. ಮೊಮ್ಮಗಳು ಓಪಲ್‌ನ ಹಬ್ಬಕ್ಕೆ ಕರ್ಕೊಂಡು ಬರೋಕೆ."

ಆ ಸೇತುವೆ ನಮಗೆಲ್ಲ ಗೊತ್ತು. ಕೊಲಂಬಿಯಾ ನದಿ ಸಮುದ್ರ ಸೇರುವ ಬಾಯಿಯ ಮೇಲೆ ಮೈಲಿಗಟ್ಟಲೆ ಉದ್ದಕ್ಕೆ ಚಾಚಿಕೊಂಡಿದೆ. ಹೋಗಲು ಒಂದು ಸಾಲು, ಬರಲು ಒಂದು ಸಾಲು, ನಡುವೆ ಬಣ್ಣದ ಗೆರೆಯಷ್ಟೇ. ನನಗೆ ಕೈಯಲ್ಲಿದ್ದ ಚಾಕು ಭಾರವಾಯಿತು.

"ಮಗಳಿಗೆ ಫೋನ್ ಮಾಡಿ ಹೇಳು, ಮಗೂನ ಕಳಿಸಬೇಡ ಅಂತ," ಎಂದೆ.

"ಹೇಳ್ತೀನಿ. ಆದ್ರೆ ಹೋಗೋದಂತೂ ಹೋಗ್ತಾನಲ್ಲ. ಕೀಲಿ ಬಚ್ಚಿಟ್ರೆ ಇನ್ನೊಂದಿದೆ. ನೀನು ಹೇಳು, ಆರ್ಲೀನ್. ಡಾಕ್ಟರ್ ಮಾತು ಕೇಳಲ್ಲ, ನನ್ನ ಮಾತು ಯಾವತ್ತೂ ಕೇಳಿದೋನಲ್ಲ. ಪಟ ಬಿದ್ರೆ ಮಾತ್ರ ನಂಬ್ತಾನೆ."

ನನಗೆ ಕೆಟ್ಟ ಕೋಪ ಬಂತು. ಕಿತ್ಕೋಬೇಡಿ ಅಂದವಳೂ ಇವಳೇ, ಈಗ ಕಿತ್ಕೋ ಅನ್ನುವವಳೂ ಇವಳೇ. ಇವಳ ಗಂಡ, ರಾಮಿರೊನ ಉಪಾಯ, ತಲೆ ಒಡ್ಡಬೇಕಾದವಳು ನಾನು. ಗಂಡ ಇಲ್ಲದ, ಮಕ್ಕಳಿಲ್ಲದ ಹೆಂಗಸು ಬಿಡುವಾಗಿಯೇ ಇರುತ್ತಾಳೆ ಎಂದು ಜಗತ್ತೇ ತಿಳಿದಿದೆ. ಆದರೂ ಗುಂಡಿ ತಿರುವುವ ಆ ಬೆರಳು ನೋಡಿ ಕೋಪ ನುಂಗಿಕೊಂಡೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. ಸಂಜೆ ಬರುತ್ತೇನೆ ಎಂದು ಹೇಳಿ ಒಳಗೆ ಹೋದೆ.

ಸಂಜೆ ಗಾಳಿ ಪಡುವಣದಿಂದ ಹದವಾಗಿ ಬೀಸುತ್ತಿತ್ತು. ಬೇರೆ ದಿನವಾಗಿದ್ದರೆ ಇಂಥ ಗಾಳಿಗೆ ಪ್ರಾಣ ಬಿಡುತ್ತಿದ್ದೆ. ಮರಳಿನ ಮೇಲೆ ಟ್ರಕ್ಕು ನಿಂತಿತ್ತು, ತೊಳೆದು ಹೊಳಪು ಮಾಡಿದ್ದರು. ಡೆಲ್ಬರ್ಟ್ ಅದಕ್ಕೆ ಒರಗಿ ಸೀಟಿ ಹಾಕುತ್ತಿದ್ದರು.

"ನೋಡಿದ್ಯಾ, ಆರ್ಲೀನ್? ಇನ್ಮೇಲೆ ನಾನು ಬೆಂಕಿಪೆಟ್ಟಿಗೇಲಿ ಮಡಚಿಕೊಂಡು ಬರಬೇಕಾಗಿಲ್ಲ."

"ನೋಡ್ದೆ," ಎಂದೆ.

ರಾಮಿರೊ ದಾರ ಬಿಚ್ಚುತ್ತಿದ್ದ. ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು ಸೇತುವೆಯ ಸಂಗತಿ ಹೇಳಿದೆ. "ಇವತ್ತು ಕೈ ನೋಡಬೇಡ. ಕೂಗಿದ್ದನ್ನ ಕೇಳು, ಕೂಗಿದ ಹಾಗೇ ತಿರುಗು."

ಅವನ ಮುಖ ಕಪ್ಪಿಟ್ಟಿತು. "ನಂಗಾಗಲ್ಲ. ಬೇರೆ ಏನಾದ್ರೂ ಮಾಡು."

"ಬೇರೆ ಏನಿದೆ ಹೇಳು, ಮಾಡ್ತೀನಿ."

ಅವನು ದಾರದ ಗಂಟನ್ನೇ ಬಹಳ ಹೊತ್ತು ಜಗ್ಗಿ ನೋಡಿದ.

ಮೂರು ಪಟ ಎತ್ತಿದೆವು. ನನ್ನ ಎಡಕ್ಕೆ ಡೆಲ್ಬರ್ಟ್, ಬಲಕ್ಕೆ ರಾಮಿರೊ. "ಎಲ್ಲಾ ಮೇಲಕ್ಕೆ... ಈಗ!" ಎಂದರು. ಮೂರೂ ಅಕ್ಕಪಕ್ಕದಲ್ಲಿ, ಬಾಚಣಿಗೆಯ ಹಲ್ಲಿನ ಹಾಗೆ ನೆಟ್ಟಗೆ ಏರಿದವು. ಮುಂದಿನದು ಬಲ ತಿರುವು. ನಮಗೆ ಮೂವರಿಗೂ ಗೊತ್ತಿದ್ದ ತಿರುವು. ಸರಿಯಾಗಿ ಕೂಗಲಿ ದೇವರೇ, ಇದೊಂದು ಸಲ ಸರಿಯಾಗಿ ಕೂಗಲಿ ಎಂದು ಬೇಡಿಕೊಂಡೆ. ಸರಿಯಾಗಿ ಕೂಗಿದರೆ ನಾಳೆ ಏನು ಗತಿ ಎಂದೂ ಹೆದರಿದೆ.

"ಎಲ್ಲಾ ಎಡಕ್ಕೆ..."

ನನ್ನ ಬಲಗೈ ಅಭ್ಯಾಸದಿಂದ ಬಿಗಿಯಾಯಿತು. ಅದನ್ನು ತಡೆದೆ.

"ಈಗ!"

ಎಡಗೈ ಎಳೆದೆ. ಪಕ್ಕದಲ್ಲಿ ರಾಮಿರೊನೂ ಎಳೆದ. ಡೆಲ್ಬರ್ಟರ ಪಟ ಬಲಕ್ಕೆ ಬಂತು. ಎದುರೆದುರಿಗೆ ಬಂದ ಎರಡು ಪಟಗಳು ಗುದ್ದಿಕೊಂಡು, ಕಡ್ಡಿ ಮುರಿದ ಸದ್ದು ನಮ್ಮ ತನಕ ಕೇಳಿಸಿತು. ರಾಮಿರೊನ ಪಟವೂ ಬಂದು ಅದೇ ಸಿಕ್ಕಿಗೆ ಬಿತ್ತು. ಮೂರೂ ಒಂದೇ ಗಂಟಾಗಿ ಮರಳಿಗೆ ಬಿದ್ದವು.

"ಆರ್ಲೀನ್!" ಡೆಲ್ಬರ್ಟ್ ಗುಡುಗಿದರು. "ಎಲ್ಲಿದೆ ನಿನ್ನ ಗಮನ? ಬಲಕ್ಕೆ ಅಂದ್ನಲ್ಲ!"

"ಎಡಕ್ಕೆ ಅಂದ್ರಿ, ಡೆಲ್ಬರ್ಟ್."

"ಬಲಕ್ಕೆ ಅಂದೆ! ರಾಮಿರೊ, ಏನಂದೆ ನಾನು?"

ರಾಮಿರೊ ನೆಲ ನೋಡಿದ. ಅವರ ಕತ್ತು ನೋರೀನಳ ಕಡೆಗೆ ತಿರುಗಿತು. ಆಕೆ ಫ್ಲಾಸ್ಕನ್ನು ಎದೆಗೆ ಒತ್ತಿ ಹಿಡಿದು ಕೂತಿದ್ದಳು. ನಾನೇ ಹೇಳಬೇಕಾಯಿತು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಅಂತಾರೆ. ಆದರೆ ಒದೆ ಬಿದ್ದದ್ದು ಯಾರ ಎದೆಗೆ ಎಂದು ಆ ಗಾದೆ ಮಾಡಿದವರು ಹೇಳಿಲ್ಲ.

"ಎಡಕ್ಕೆ ಅಂದ್ರಿ. ನಿಮ್ಮ ಕೈ ಬಲಕ್ಕೆ ಎಳೀತು. ಇವತ್ತು ನೀವು ಕೂಗಿದ್ದನ್ನ ಕೇಳಿದ್ವಿ, ಅದಕ್ಕೇ ಬಿತ್ತು."

"ಇವತ್ತು ಕೇಳಿದ್ರಿ," ಎಂದರು ಡೆಲ್ಬರ್ಟ್. ಮಾತು ನಿಧಾನವಾಯಿತು. "ಅಂದ್ರೆ ನಿನ್ನೆ ಕೇಳಿರ್ಲಿಲ್ಲ."

"ಇಲ್ಲ."

"ಮೊನ್ನೆ?"

"ಇಲ್ಲ. ಜುಲೈಯಿಂದ ಕೇಳಿಲ್ಲ. ನಿಮ್ಮ ಕೈ ನೋಡ್ಕೊಂಡು ಹಾರಿಸ್ತಿದ್ವಿ."

ಅವರು ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಮಣಿಕಟ್ಟಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ ಮರಳಿಗೆ ನೆಟ್ಟಿದ್ದ ಗೂಟಕ್ಕೆ ಸಿಕ್ಕಿಸಿದರು. ನನ್ನ ಹತ್ತಿರ ಬಂದು, ಶಾಲೆಯ ಮಕ್ಕಳಿಗೆ ಹೇಳುವ ಹಾಗೆ, ದನಿ ಏರಿಸದೆ ಹೇಳಿದರು.

"ಬಸ್ಸಲ್ಲಿ ಒಂದು ಕನ್ನಡಿ ಇರುತ್ತೆ, ಆರ್ಲೀನ್. ಹಿಂದೆ ಏನಾಗ್ತಿದೆ ಅಂತ ಡ್ರೈವರ್‌ಗೆ ಅದರಿಂದಲೇ ತಿಳಿಯೋದು. ನನ್ನ ನಾಲಿಗೆ ತಪ್ಪಿದ್ದು ನನ್ನ ಕಿವಿಗೆ ಕೇಳ್ಸಲ್ಲ. ಕೂಗಿದ್ದು ಸರಿ ಅಂತಲೇ ಅನ್ಸುತ್ತೆ, ಈಗಲೂ ಹಾಗೇ ಅನ್ಸುತ್ತೆ. ಪಟ ಬಿದ್ರೆ ಮಾತ್ರ ನಂಗೆ ಗೊತ್ತಾಗ್ತಿತ್ತು. ನೀವು ಪಾಪ ಮುದುಕ ಅಂತ ಆ ಕನ್ನಡಿಯನ್ನೇ ಕಿತ್ತು ಹಾಕಿದ್ರಲ್ಲ."

"ನಿಮಗೆ ನೋವಾಗಬಾರದು ಅಂತ..." ಎಂದ ರಾಮಿರೊ.

"ಗೊತ್ತು ಕಣಯ್ಯಾ. ಅದಕ್ಕೇ ಹೊಡೀತಿಲ್ಲ ನಿನ್ನ." ಅವರು ಟೋಪಿ ತೆಗೆದು ಮುಖ ಒರೆಸಿಕೊಂಡರು. "ನಿನ್ನೆ ಆ ಲಾರಿಯವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಅವನದ್ದೇ ತಪ್ಪು ಅಂತ ಮನೆವರೆಗೂ ಬೈಕೊಂಡೇ ಬಂದೆ. ನೋರೀನ್ ಪಕ್ಕದಲ್ಲೇ ಕೂತಿದ್ಲು."

ನಾನು ಅತ್ತೆ. ಈ ಸಲ ಗಾಳಿಯ ನೆಪ ಹೇಳಲಿಲ್ಲ. ಒಂದು ತಿಂಗಳು ಮೈಮುರಿಯುವಂತೆ ದುಡಿದು ನಾವು ಅವರಿಗೆ ಕೊಟ್ಟದ್ದು ಇದು. ಪ್ರೀತಿಯೇ, ಸುಳ್ಳಲ್ಲ. ಆದರೆ ಅವರಿಗೆ ನಿಜ ಹೇಳುತ್ತಿದ್ದದ್ದು ಜಗತ್ತಿನಲ್ಲಿ ಬೀಳುವ ಪಟವೊಂದೇ ಆಗಿತ್ತು, ಅದರ ಬಾಯಿಯನ್ನೂ ನಾವು ಕಟ್ಟಿದ್ದೆವು.

ಸಿಕ್ಕು ಬಿಡಿಸುವುದಕ್ಕೆ ಮೂವರೂ ಹೋಗಿ ಮರಳಲ್ಲಿ ಮಂಡಿಯೂರಿ ಕೂತೆವು. ಡೆಲ್ಬರ್ಟರ ಬೆರಳುಗಳು ಒಂದು ಗಂಟಿನ ಬಳಿಯೂ ತಡವರಿಸಲಿಲ್ಲ, ಯಾವ ದಾರ ಯಾರದ್ದು ಎಂದು ಅವಕ್ಕೆ ಗೊತ್ತಿತ್ತು. ನನ್ನ ಪಟದ ಮುರಿದ ಕಡ್ಡಿಯನ್ನು ತೆಗೆದು ತಮ್ಮ ಚೀಲದಿಂದ ಹೊಸದೊಂದನ್ನು ತೂರಿಸಿ, ಸೂತ್ರ ಸರಿಯಿದೆಯೇ ಎಂದು ಎತ್ತಿ ನೋಡಿ ಕೊಟ್ಟರು.

"ಹಬ್ಬದಲ್ಲಿ ನೀನು ಕೂಗು," ಎಂದರು.

"ನನ್ನ ದನಿ ಏಳಲ್ಲ, ಡೆಲ್ಬರ್ಟ್."

"ಏಳುತ್ತೆ. ಈಗ ಎದ್ದಿತಲ್ಲ."

ಬೆಳಕು ಇಳಿಯುತ್ತಿತ್ತು, ಸಾಮಾನು ಕಟ್ಟಿದೆವು. ನನಗೆ ನಸುಕಿಗೆ ಏಳುವುದಿತ್ತು. ಮೈಯ ಒಂದೊಂದು ಕೀಲೂ ಮನೆಗೆ ಹೋಗು ಎನ್ನುತ್ತಿತ್ತು. ಚೀಲಗಳನ್ನು ಟ್ರಕ್ಕಿನ ಹಿಂದೆ ಹಾಕಿ ತಿರುಗಿದಾಗ, ಡೆಲ್ಬರ್ಟ್ ಚಾಲಕನ ಬಾಗಿಲ ಮುಂದೆ ನಿಂತಿದ್ದರು. ಕೈ ಹಿಡಿಕೆಯ ಮೇಲಿತ್ತು. ಆಚೆ ಬದಿಯಲ್ಲಿ ನೋರೀನ್ ಬಾಗಿಲು ತೆರೆದುಕೊಂಡು, ಹತ್ತದೆ, ನನ್ನನ್ನೇ ನೋಡುತ್ತಿದ್ದಳು. ರಾಮಿರೊ ಆಗಲೇ ತನ್ನ ಕಾರಿನ ಕಡೆಗೆ ಹೆಜ್ಜೆ ಹಾಕಿದ್ದ. ಮತ್ತೆ ನನ್ನ ಪಾಲಿಗೇ ಬಂತು.

"ಆ ಕಡೆ ಹೋಗಿ ಕೂತ್ಕೊಳ್ಳಿ, ಡೆಲ್ಬರ್ಟ್."

ಅವರು ತಿರುಗಿ ನೋಡಲಿಲ್ಲ. "ಕೇಳ್ತಿದೀಯೋ, ಹೇಳ್ತಿದೀಯೋ?"

"ಹೇಳ್ತಿದೀನಿ."

"ಮೂವತ್ತು ವರ್ಷ ಈ ಊರಿನ ಮಕ್ಕಳನ್ನ ಹೊತ್ತು ತಿರುಗಿದೀನಿ. ಒಂದು ಮಗೂಗೆ ಒಂದು ಗೀರು ಬಿದ್ದಿಲ್ಲ."

"ಗೊತ್ತು. ಅದಕ್ಕೇ ಹೇಳ್ತಿದೀನಿ."

ಅವರು ಹಾಗೇ ನಿಂತಿದ್ದರು. ಇನ್ನೂ ಏನು ಹೇಳಬೇಕಾಗುತ್ತದೋ ಎಂದು ನನಗೆ ಭಯವಾಯಿತು, ಯಾಕೆಂದರೆ ನನ್ನಲ್ಲಿ ಇನ್ನೇನೂ ಉಳಿದಿರಲಿಲ್ಲ. ಕೊನೆಗೆ ಹಿಡಿಕೆಯಿಂದ ಕೈ ತೆಗೆದರು. ಟ್ರಕ್ಕಿನ ಮೂತಿಯನ್ನು ಒಂದು ಕೈಯಲ್ಲಿ ಸವರಿಕೊಂಡು ಸುತ್ತಿ ಆ ಕಡೆಗೆ ಹೋದರು. ನೋರೀನಳ ಅಂಗೈಗೆ ಕೀಲಿ ಇಟ್ಟರು.

ನೋರೀನ್ ಆ ಟ್ರಕ್ಕನ್ನು ಯಾವತ್ತೂ ಓಡಿಸಿದವಳಲ್ಲ. ಹತ್ತಿ ಕೂತಳು, ಕಾಲು ಕೆಳಗಿನ ಪೆಡಲಿಗೆ ಎಟುಕಲಿಲ್ಲ. ಕಿಟಕಿ ಇಳಿದಿತ್ತು, ಅವರ ಮಾತು ನನಗೆ ಕೇಳಿಸುತ್ತಿತ್ತು.

"ಸೀಟು ಮುಂದಕ್ಕೆ ಎಳ್ಕೋ. ಕೆಳಗೆ ಎಡಗಡೆ ಒಂದು ಹಿಡಿ ಇದೆ ನೋಡು."

ನೋರೀನ್ ಬಗ್ಗಿ ಎಡಗಡೆ ತಡಕಾಡಿದಳು. ಸ್ವಲ್ಪ ಹೊತ್ತು ಹಾಗೇ ತಡಕಾಡುತ್ತಿದ್ದಳು. ಆಮೇಲೆ ಬಲಗಡೆಯೂ ಒಮ್ಮೆ ಬಗ್ಗಿ ನೋಡಿ, ಎದ್ದು ನೆಟ್ಟಗೆ ಕೂತು ಗಂಡನ ಮುಖ ನೋಡಿದಳು.

"ಎಡಗಡೆ ಇಲ್ಲ, ಡೆಲ್," ಎಂದಳು, ಗಟ್ಟಿಯಾಗಿ. "ಬಲಗಡೆ ಇದೆ."

"ಹೌದಾ?" ಎಂದರು ಅವರು.

"ಹೌದು."

"ಸರಿ," ಎಂದು ಡೆಲ್ಬರ್ಟ್ ತಲೆಯಾಡಿಸಿದರು. ನೋರೀನ್ ಬಲಗಡೆ ಕೈ ಹಾಕಿ ಹಿಡಿ ಎಳೆದಳು, ಸೀಟು ಮುಂದಕ್ಕೆ ಬಂತು.